ಛಾಯಾ ಮಾತ್ರೆ ತಗೊಂಡ ಮೇಲೆ ಮುಟ್ಟು ಮುಂದೆ ಹೋಗಿದೆ, ನಿಲ್ಲಿಸಬೇಕಾ?

ಹೊಸ ಅಮ್ಮ:
ಮಗುವಿಗೆ ಐದು ತಿಂಗಳು, ಎದೆಹಾಲು ಕುಡಿತಿದೆ. ಆಶಾ ಅಕ್ಕ ಗರ್ಭ ತಡೆಯೋಕೆ ಛಾಯಾ ಮಾತ್ರೆ ಕೊಟ್ರು. ಮೊದಲ ತಿಂಗಳು ಸರಿಯಿತ್ತು, ಈ ಸಲ ಮುಟ್ಟು ಒಂದು ವಾರ ಮೀರಿದೆ. ನಡುವೆ ಒಂದು ಮಾತ್ರೆ ಮರೆತು ಮಾರನೇ ದಿನ ನುಂಗಿದ್ದೆ. ನಮ್ಮತ್ತೆ ಹಾಲು ಬತ್ತುತ್ತೆ, ಮುಂದೆ ಮಕ್ಕಳೇ ಆಗಲ್ಲ ಅಂತಾರೆ. ಭಯ ಆಗ್ತಿದೆ.

ಆಶಾ ಕಾರ್ಯಕರ್ತೆ, ಹೊನ್ನಾಳಿ:
ತಂಗೀ, ಮೊದ್ಲು ಗರ್ಭ ಪರೀಕ್ಷೆ ಮಾಡ್ಕೋ. ಮಾತ್ರೆ ತಪ್ಪಿದ ಮೇಲೆ ಮುಟ್ಟು ನಿಂತ್ರೆ ಊಹೆ ಮಾಡ್ತಾ ಕೂರಬಾರದು. ನಿಶ್ಚಯ್ ಕಿಟ್ ನಿಮ್ಮೂರ ಆಶಾ ಹತ್ರಾನೇ ಕೇಳು, ದುಡ್ಡು ಕೊಡಬೇಕಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ನೋಡು. ಗರ್ಭ ಇಲ್ಲ ಅಂತ ಬಂದೂ ಮುಟ್ಟಾಗದಿದ್ರೆ ವಾರ ಬಿಟ್ಟು ಮತ್ತೆ ನೋಡು, ಪಿಎಚ್‌ಸಿಗೂ ಹೋಗಿ ಬಾ. ಗರ್ಭ ಇಲ್ಲದಿದ್ರೆ ಗಾಬರಿ ಬೇಡ. ಛಾಯಾ ಶುರು ಮಾಡಿದ ಕೆಲವರಿಗೆ ಮುಟ್ಟು ಮುಂದೆ ಹೋಗುತ್ತೆ, ಸ್ರಾವಾನೂ ಕಮ್ಮಿ ಆಗುತ್ತೆ. ಕೆಟ್ಟ ರಕ್ತ ಒಳಗೇ ನಿಂತಿದೆ ಅಂತ ಹೆದರಿಸ್ತಾರೆ, ಅದು ಸುಳ್ಳು.

ಅತ್ತೆಯವರಿಗೆ ಸಮಾಧಾನದಿಂದ ಹೇಳು. ಇದರಲ್ಲಿ ಹಾರ್ಮೋನ್ ಇಲ್ಲ, ಸೆಂಟ್‌ಕ್ರೋಮನ್ ಅನ್ನೋ ಔಷಧಿ. ಲಖನೌದ ಸಿಡಿಆರ್‌ಐ ಅನ್ನೋ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, 1990ರ ದಶಕದಿಂದ 'ಸಹೇಲಿ' ಹೆಸರಲ್ಲಿ ಮೆಡಿಕಲ್ ಶಾಪಲ್ಲಿ ಸಿಗ್ತಿದೆ. ಹಾಲು ಬತ್ತಲ್ಲ. ಹಾಲಿನ ಚಿಂತೆ ಇರೋದು ಹಾರ್ಮೋನ್ ಇರೋ ಮಾಲಾ-ಎನ್ ಮಾತ್ರೆಗೆ, ಅದನ್ನ ಮಗುವಿಗೆ ಆರು ತಿಂಗಳು ತುಂಬೋವರೆಗೆ ನಾವು ಕೊಡಲ್ಲ. ಇನ್ನೊಂದು ಮಗು ಬೇಕಾದಾಗ ಛಾಯಾ ನಿಲ್ಲಿಸಿದ್ರೆ ಬಸಿರಾಗಬಹುದು.

ನಾನು ಮನೆಮನೆಗೂ ಹೋಗಿ ಹೇಳೋದು ಒಂದೇ, ದಿನ ತಪ್ಪಿಸಬೇಡಿ. ಮುಟ್ಟಿನ ಮೊದಲ ದಿನ ಮೊದಲ ಮಾತ್ರೆ. ಅದು ಭಾನುವಾರ ಆದ್ರೆ ಮೂರು ತಿಂಗಳು ಪ್ರತಿ ಭಾನುವಾರ, ಬುಧವಾರ. ನಾಲ್ಕನೇ ತಿಂಗಳಿಂದ ಬರೀ ಭಾನುವಾರ, ಮುಟ್ಟು ಯಾವಾಗ ಬಂದ್ರೂ ಸರಿ. ನಾಲ್ಕನೇ ತಿಂಗಳು ಬಂದ್ರೆ ಎಲ್ಲರೂ ಗೊಂದಲ ಮಾಡ್ಕೋತಾರೆ, ಅದಕ್ಕೇ ಗೋಡೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ನಾನೇ ಗುರುತು ಹಾಕಿ ಬರ್ತೀನಿ. ಒಂದೆರಡು ದಿನ ಮರೆತ್ರೆ ನೆನಪಾದ ತಕ್ಷಣ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. ಏಳು ದಿನ ದಾಟಿದ್ರೆ ಮತ್ತೆ ಮೊದಲಿಂದ, ವಾರಕ್ಕೆ ಎರಡರಂತೆ.

ಸವಿತಾ:
ಅಕ್ಕ, ನನಗೆ ಪಿಸಿಒಡಿ ಇದೆ. ನಾನೂ ತಗೋಬಹುದಾ?

ಆಶಾ ಕಾರ್ಯಕರ್ತೆ, ಹೊನ್ನಾಳಿ:
ಬೇಡಮ್ಮ. ಪಿಸಿಒಡಿ ಇರೋರಿಗೆ, ಇತ್ತೀಚೆಗೆ ಕಾಮಾಲೆ ಆದೋರಿಗೆ ಇದನ್ನ ಕೊಡಲ್ಲ. ಪಿಎಚ್‌ಸಿಯಲ್ಲಿ ಡಾಕ್ಟರಿಗೆ ತೋರಿಸಿ, ಕಾಪರ್-ಟಿ ಅಥವಾ ಮೂರು ತಿಂಗಳಿಗೊಮ್ಮೆ ಹಾಕೋ ಅಂತರಾ ಇಂಜೆಕ್ಷನ್ ನಿಮಗೆ ಆಗುತ್ತಾ ಕೇಳಿ.

ಹೊಸ ಅಮ್ಮ:
ನಾಳೆ ಬೆಳಿಗ್ಗೆನೇ ಕಿಟ್ ತರಿಸ್ಕೋತೀನಿ ಅಕ್ಕ.