ಪದಚರ್ಚೆ: 'ವರ್ಕ್ ಫಂಕ್ಷನ್' ಎಂಬುದಕ್ಕೆ 'ಕಾರ್ಯಫಲನ' ಒಪ್ಪುವುದೇ?

ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿಗಳು ಆಧುನಿಕ ಭೌತವಿಜ್ಞಾನವನ್ನು ಕನ್ನಡದಲ್ಲಿಯೂ ಓದಿಕೊಳ್ಳಲಿ ಎಂದು ಟಿಪ್ಪಣಿಗಳನ್ನು ಸಿದ್ಧಪಡಿಸುತ್ತಿದ್ದೇನೆ. ದ್ಯುತಿವಿದ್ಯುತ್ ಪರಿಣಾಮದ (ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳು ಹೊರಬೀಳುವುದರ) ಅಧ್ಯಾಯದಲ್ಲಿ ಒಂದು ಪದದ ಬಳಿ ನನ್ನ ಬರವಣಿಗೆ ನಿಂತುಬಿಟ್ಟಿದೆ. ಲೋಹದ ಮೇಲ್ಮೈಯಿಂದ ಎಲೆಕ್ಟ್ರಾನೊಂದನ್ನು ಹೊರತರಲು ಬೇಕಾಗುವ ಕನಿಷ್ಠ ಶಕ್ತಿಗೆ ಇಂಗ್ಲಿಷಿನಲ್ಲಿ 'ವರ್ಕ್ ಫಂಕ್ಷನ್' ಎನ್ನುತ್ತಾರೆ. ಇದನ್ನು 'ಕಾರ್ಯಫಲನ' ಎಂದು ನಾನೂ ಕೆಲವು ವರ್ಷ ಬರೆದಿದ್ದೇನೆ. ಈಗ ಆ ಪದ ಅರ್ಥವನ್ನು ಮರೆಮಾಡುತ್ತದೆ ಎಂದು ಬಲವಾಗಿ ಅನ್ನಿಸುತ್ತಿದೆ.

ಈ ಅನುಮಾನವನ್ನು ಹುಟ್ಟಿಸಿದವಳು ಒಬ್ಬ ವಿದ್ಯಾರ್ಥಿನಿ. ಪ್ಲಾಂಕ್ ಸ್ಥಿರಾಂಕವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ಅವಳು ದೀಪದ ಮುಂದೆ ಬಣ್ಣದ ಫಿಲ್ಟರುಗಳನ್ನು ಒಂದೊಂದಾಗಿ ತೂರಿಸಿ, ವಿದ್ಯುತ್ ಪ್ರವಾಹದ ಮುಳ್ಳು ಸೊನ್ನೆಗೆ ಬಂದು ನಿಲ್ಲುವವರೆಗೆ ಗುಂಡಿಯನ್ನು ತಿರುಗಿಸುತ್ತಿದ್ದಳು. ಗ್ರಾಫ್ ಎಳೆದ ಮೇಲೆ "ಮೇಡಂ, ಕಾರ್ಯಫಲನ ಎಂದರೆ ಯಾವುದರ ಫಲನ?" ಎಂದು ಕೇಳಿದಳು. ಉತ್ತರ ಕೊಡಲು ನನ್ನಿಂದಾಗಲಿಲ್ಲ, ಏಕೆಂದರೆ ಗಣಿತದಲ್ಲಿ ಫಲನವೆಂದರೆ ಇನ್ನೊಂದರ ಬೆಲೆಯನ್ನು ಅವಲಂಬಿಸಿರುವ ಪರಿಮಾಣ; ಇದು ಯಾವುದರ ಫಲನವೂ ಅಲ್ಲ. ಅದು ಆಯಾ ಮೇಲ್ಮೈಗೆ ಸಲ್ಲುವ ಒಂದು ಶಕ್ತಿಯ ಮೊತ್ತ. ಸೋಡಿಯಂಗೆ ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್. 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕಿನ ಒಂದು ಫೋಟಾನ್, ಎಂದರೆ ಬೆಳಕಿನ ಕಣ, ಸುಮಾರು 3.06 ಎಲೆಕ್ಟ್ರಾನ್ ವೋಲ್ಟ್ ತಂದರೆ ಅದರಲ್ಲಿ ಈ 2.3ನ್ನು ಕಳೆದು ಉಳಿದದ್ದೇ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ. 650 ನ್ಯಾನೊಮೀಟರಿನ ಕೆಂಪು ಬೆಳಕು ತರುವುದು 1.9 ಮಾತ್ರ, ಎಷ್ಟು ಪ್ರಖರವಾಗಿ ಬೆಳಗಿದರೂ ಎಲೆಕ್ಟ್ರಾನ್ ಹೊರಬರುವುದಿಲ್ಲ.

ಜರ್ಮನ್ ಭಾಷೆಯಲ್ಲಿ ಈ ತೊಡಕಿಲ್ಲ. ವಸ್ತುವನ್ನು ಬಿಟ್ಟು ಹೊರಡುವಾಗ ಪ್ರತಿಯೊಂದು ಎಲೆಕ್ಟ್ರಾನ್ ಆ ವಸ್ತುವಿಗೇ ವಿಶಿಷ್ಟವಾದ ಒಂದಿಷ್ಟು ಕೆಲಸವನ್ನು ಮಾಡಬೇಕಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಬರೆದರು; ಅಲ್ಲಿ ಇಂದು ಬಳಕೆಯಲ್ಲಿರುವ 'ಔಸ್‌ಟ್ರಿಟ್ಸ್‌ಆರ್ಬೈಟ್' ಎಂಬ ಪದಕ್ಕೆ ಹೊರಬರುವ ಕೆಲಸ ಎಂಬುದೇ ಅರ್ಥ. ಇಂಗ್ಲಿಷಿನಲ್ಲಿ ಮತ್ತೊಂದು ಗೊಂದಲವೂ ಉಂಟು. ಉಷ್ಣಬಲವಿಜ್ಞಾನದ ಹೆಲ್ಮ್‌ಹೋಲ್ಟ್ಸ್ ಮುಕ್ತ ಶಕ್ತಿಯನ್ನೂ ಹಿಂದೆ 'ವರ್ಕ್ ಫಂಕ್ಷನ್' ಎನ್ನುತ್ತಿದ್ದರು. ಅದು ತಾಪ ಮತ್ತು ಗಾತ್ರಗಳನ್ನು ಅವಲಂಬಿಸಿದ ನಿಜವಾದ ಫಲನವಾದ್ದರಿಂದ 'ಕಾರ್ಯಫಲನ' ಎಂಬ ಹೆಸರು ಯಾರಿಗಾದರೂ ಸಲ್ಲುವುದಾದರೆ ಅದಕ್ಕೇ ಸಲ್ಲಬೇಕು.

ಹಾಗಾದರೆ ಪರ್ಯಾಯವೇನು? 'ಅಯಾನೀಕರಣ ಶಕ್ತಿ'ಗೆ ಹತ್ತಿರವಾಗಿ ಕೇಳಿಸುವ ಪದ ಬೇಡ. ಅದು ಬಿಡಿ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಬೇಕಾಗುವ ಶಕ್ತಿ, ಸೋಡಿಯಂಗೆ 5.14 ಎಲೆಕ್ಟ್ರಾನ್ ವೋಲ್ಟ್. ನಮ್ಮದು ಮೇಲ್ಮೈಯ ಗುಣ. ಅಮೆರಿಕದ ಭೌತವಿಜ್ಞಾನಿ ಮಿಲಿಕನ್ 1916ರಲ್ಲಿ ಪ್ರಕಟಿಸಿದ ಅಳತೆಗಳಿಗಾಗಿ ನಿರ್ವಾತದ ಗಾಜಿನ ಪಾತ್ರೆಯೊಳಗೇ ಚಾಕುವಿನಿಂದ ಲೋಹವನ್ನು ಹೆರೆದು ಹೊಸ ಮೇಲ್ಮೈಯನ್ನು ತೆರೆಯುತ್ತಿದ್ದುದು ಇದಕ್ಕಾಗಿಯೇ. 'ದ್ಯುತಿ' ಎಂಬುದೂ ಸೇರಬಾರದು. ಕಾಯಿಸಿದ ತಂತಿಯಿಂದ ಹೊರಬೀಳುವ ಎಲೆಕ್ಟ್ರಾನಿಗೂ ಇದೇ ಪದ ಒದಗಬೇಕು.

'ವಿಮೋಚನಾ ವೇಗ' (ಗ್ರಹದ ಗುರುತ್ವವನ್ನು ಮೀರಿ ಹೋಗಲು ಬೇಕಾದ ವೇಗ) ಎಂಬುದು ಈಗಾಗಲೇ ರೂಢಿಯಲ್ಲಿರುವುದರಿಂದ 'ವಿಮೋಚನಾ ಶಕ್ತಿ' ಎನ್ನಬಹುದಿತ್ತು. ಆದರೆ ಅದನ್ನು ಕೇಳಿದವರು ಶಕ್ತಿಯೇ ಬಿಡುಗಡೆಯಾಯಿತೆಂದು ತಿಳಿಯುವ ಅಪಾಯವಿದೆ. ಶಾಲೆಯಿಂದಲೂ 'ಕೆಲಸ ಮತ್ತು ಶಕ್ತಿ' ಎಂದು ಓದಿಬಂದ ಮಕ್ಕಳಿಗೆ 'ಕೆಲಸ' ಎಂಬ ಪದವನ್ನೇ ಉಳಿಸಿಕೊಡುವುದು ನನಗೆ ಇಷ್ಟ. 'ನಿರ್ಗಮನಕೆಲಸ' ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸವಾಗುತ್ತದೆ. 'ಹೊರಗೆಲಸ' ಎಂದರೆ 'ಮನೆಗೆಲಸ'ದ ಜೋಡಿಯಂತೆ ಕೇಳಿಸುತ್ತದೆ. 'ಹಾಡುಗಬ್ಬ'ದ ಮಾದರಿಯಲ್ಲಿ 'ಬಿಡಿಸುಗೆಲಸ' ಎಂದು ಕಟ್ಟಬಹುದೇ ಎಂದು ಯೋಚಿಸುತ್ತಿದ್ದೇನೆ. ಅವರೆಕಾಯಿಯನ್ನು ಬಿಡಿಸುವಾಗ ಕಾಳು ಸಿಪ್ಪೆಯಿಂದ ಹೊರಬರುವ ಚಿತ್ರ ಈ ಅರ್ಥಕ್ಕೆ ತೀರ ಹತ್ತಿರವಾಗಿದೆ. ಆದರೆ ಭೌತವಿಜ್ಞಾನದ ತರಗತಿಯಲ್ಲಿ ದಿನವೂ ಲೆಕ್ಕ ಬಿಡಿಸುವವರಿಗೆ ಆ ಇನ್ನೊಂದು ಅರ್ಥವೇ ಮೊದಲು ಹೊಳೆದೀತು ಎಂಬ ಅಳುಕೂ ಇದೆ.

'ಬಿಡಿಸುಗೆಲಸ' ವ್ಯಾಕರಣಕ್ಕೂ ಕಿವಿಗೂ ಒಪ್ಪುವುದೇ, ಅಥವಾ ಸಮಾಸದ ತೊಡಕೇ ಇಲ್ಲದ 'ನಿರ್ಗಮನಶಕ್ತಿ' ಮೇಲೇ? ಅಂಟಿಕೊಂಡದ್ದನ್ನು ಮೇಲ್ಮೈಯಿಂದ ಕಿತ್ತು ತೆಗೆಯಲು ಬೇಕಾಗುವ ಶ್ರಮಕ್ಕೆ ಕಮ್ಮಾರಿಕೆ, ಬಡಗಿತನದಂತಹ ಕಸುಬುಗಳಲ್ಲಿ ಬೇರೆ ಮಾತೇನಾದರೂ ಇದ್ದರೆ, ಅದು ಯಾವ ಭಾಗದ ಬಳಕೆ ಎಂಬುದನ್ನೂ ಸೇರಿಸಿ ಬಲ್ಲವರು ದಯವಿಟ್ಟು ತಿಳಿಸಬೇಕು.