ಸಹಾಯ ಬೇಕು: ಉಪ್ಪುನೀರು ಹೊಕ್ಕ ಟ್ರೈಪಾಡ್‌ನ ಲಾಕ್‌ಗಳನ್ನು ಸ್ವಚ್ಛಗೊಳಿಸುವ ಬಗ್ಗೆ

ಸಮುದ್ರದ ಅಲೆಗಳ ನಡುವೆ ನಿಲ್ಲಿಸಿ ಚಿತ್ರ ತೆಗೆದ ಮೇಲೆ ನನ್ನ ಕಾರ್ಬನ್ ಫೈಬರ್ ಟ್ರೈಪಾಡ್‌ನ ಕೆಳಗಿನ ಲಾಕ್‌ಗಳು ಬಿಗಿಯಾಗಿದ್ದು, ತಿರುಗಿಸಿದಾಗಲೆಲ್ಲ ಕರಕರ ಸದ್ದು ಮಾಡುತ್ತಿವೆ. ಅಂದೇ ಸಿಹಿನೀರಿನಲ್ಲಿ ತೊಳೆದು, ಕಾಲುಗಳನ್ನು ಪೂರ್ತಿ ಚಾಚಿ ನೆರಳಿನಲ್ಲಿ ಒಣಗಿಸಿದ್ದೆ. ಆದರೂ ಈಗ ಒಂದು ಕಾಲನ್ನು ಬಿಚ್ಚಿ ನೋಡಿದರೆ, ಲಾಕ್ ಕೂರುವ ಅಲ್ಯೂಮಿನಿಯಂ ಕಾಲರ್‌ನ (ಬಳೆಯಂಥ ಭಾಗದ) ಮರೆಗಳಲ್ಲಿ, ಅಂದರೆ ತಿರುಪಿನ ಸುರುಳಿ ಗೆರೆಗಳಲ್ಲಿ, ಬಿಳಿ ಪುಡಿ ಗಟ್ಟಿಯಾಗಿ ಕೂತಿದೆ. ಹಳೆಯ ಗ್ರೀಸ್ ಮರಳಿನೊಂದಿಗೆ ಬೆರೆತು ಬೂದುಬಣ್ಣದ ಅಂಟಾಗಿದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿದರೂ ಪುಡಿ ಕರಗದ ಕಾರಣ ಅದು ಉಪ್ಪಲ್ಲ, ಅಲ್ಯೂಮಿನಿಯಂ ಸವೆದು ಉಂಟಾದದ್ದು ಎಂದೇ ನನ್ನ ಊಹೆ. ಉಪ್ಪುನೀರು ತಾಗಿದಾಗ ಕಾರ್ಬನ್ ಫೈಬರ್‌ಗೆ ಅಂಟಿಕೊಂಡಿರುವ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆಯಲ್ಲ, ಚಿಂತೆ ಅದೇ.

ಹಲ್ಲುಜ್ಜುವ ಹಳೆಯ ಬ್ರಷ್ ಮತ್ತು ಸೋಪಿನ ನೀರಿಗೆ ಜಗ್ಗದ ಈ ಪದರವನ್ನು ಮೇಲಿನ ಲೇಪನಕ್ಕೆ ಹಾನಿಯಾಗದಂತೆ ತೆಗೆಯುವುದು ಹೇಗೆ? ದುರ್ಬಲಗೊಳಿಸಿದ ವಿನೆಗರ್ ಬಳಸಿದವರು ಯಾರಾದರೂ ಇದ್ದೀರಾ? ಒಳಗೆ ಪ್ಲಾಸ್ಟಿಕ್ ಶಿಮ್‌ಗಳು (ಕೊಳವೆಗಳ ನಡುವಿನ ಸಂದು ತುಂಬುವ ತೆಳು ಪಟ್ಟಿಗಳು) ಇರುವುದರಿಂದ ಸಿಲಿಕೋನ್ ಗ್ರೀಸ್ ಸುರಕ್ಷಿತವೆಂದುಕೊಂಡಿದ್ದೇನೆ, ಆದರೆ ನೀರಿನಲ್ಲಿ ಪದೇ ಪದೇ ನಿಲ್ಲಿಸುವವರು ಅದನ್ನು ಮರೆಗಳಿಗೆ ಮಾತ್ರ ಹಚ್ಚುತ್ತೀರೋ, ಶಿಮ್‌ಗಳಿಗೂ ಹಚ್ಚುತ್ತೀರೋ ತಿಳಿಸಿ. ಮೇಲೆ ಕ್ಯಾಮೆರಾ ಕೂರಿಸುವ ಬಾಲ್ ಹೆಡ್‌ಗೆ ನೀರು ತಾಗಿಲ್ಲ, ಅದನ್ನು ಬಿಚ್ಚುವ ಉದ್ದೇಶವೂ ನನಗಿಲ್ಲ.