ಸಹಾಯ ಬೇಕು: ವಿಮಾನದಲ್ಲಿ 8 ತಿಂಗಳ ಮಗುವಿಗೆ ಬ್ಯಾಸಿನೆಟ್ (ಪುಟ್ಟ ತೊಟ್ಟಿಲು) ಸಾಕಾ, ಬೇರೆ ಸೀಟೇ ಬೇಕಾ?

ಮುಂದಿನ ತಿಂಗಳು ಮಗಳನ್ನು ಕರೆದುಕೊಂಡು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಷಿಕಾಗೋಗೆ ಹೋಗಬೇಕು. ಯಜಮಾನರು ಅಲ್ಲೇ ಇದ್ದಾರೆ, ಹಾಗಾಗಿ ನಾನೊಬ್ಬಳೇ. ಅವಳಿಗೆ 8 ತಿಂಗಳು, ತೂಕ 9.5 ಕೆಜಿ.

ಎರಡು ವರ್ಷ ತುಂಬಿಲ್ಲವಲ್ಲ ಅಂತ ಮಡಿಲಲ್ಲಿ ಕೂರಿಸುವ ಟಿಕೆಟ್ಟೇ ತೆಗೆದಿದ್ದೇನೆ. ಸೀಟಿನ ಮುಂದಿನ ಗೋಡೆಗೆ ಸಿಕ್ಕಿಸುವ ಬ್ಯಾಸಿನೆಟ್ ಕೇಳಿದರೆ, ಕಸ್ಟಮರ್ ಕೇರ್‌ನಲ್ಲಿ ಒಬ್ಬರು "ಆಗಿದೆ ಮೇಡಂ" ಅಂದರು, ಇನ್ನೊಬ್ಬರು "ಏರ್‌ಪೋರ್ಟ್‌ನಲ್ಲೇ ಗೊತ್ತಾಗೋದು" ಅಂದರು. ತೂಕದ ಮಿತಿಯೂ ಒಂದೊಂದು ಏರ್‌ಲೈನ್‌ನಲ್ಲಿ ಒಂದೊಂದು ಥರ. ಸಿಕ್ಕರೂ, ಸೀಟ್ ಬೆಲ್ಟ್ ದೀಪ ಹತ್ತಿದಾಗೆಲ್ಲ ಮಗುವನ್ನು ಎತ್ತಿಕೊಳ್ಳಬೇಕಂತೆ. ನಮ್ಮವಳು ಮಲಗೋದೇ ಹೊಟ್ಟೆ ಮೇಲೆ, ಕೈಕಾಲು ಚಾಚಿಕೊಂಡು. ಎಬ್ಬಿಸಿದರೆ ಮುಗೀತು! (ಅತ್ತೆ "ಜೋಲಿ ಕಟ್ಟಿಬಿಡು" ಅಂತಾರೆ. ಎಲ್ಲಿಗೆ ಕಟ್ಟೋದು?)

ಬೇರೆ ಸೀಟ್ ಕೊಂಡರೆ ಅದರ ಮೇಲಿಡೋಕೆ ಕಾರ್ ಸೀಟ್ (ಕಾರಿನಲ್ಲಿ ಮಗುವನ್ನು ಬೆಲ್ಟ್ ಹಾಕಿ ಕೂರಿಸುವ ಪುಟ್ಟ ಸೀಟ್) ಬೇಕು. ಆ ಕಾರ್ ಸೀಟ್ ಮೇಲೆ ವಿಮಾನದಲ್ಲಿ ಬಳಸಬಹುದು ಅನ್ನುವ ಲೇಬಲ್ ಇರಬೇಕು. ನಮ್ಮದರಲ್ಲಿ ಇಲ್ಲ. ಹೊಸದು ಕೊಂಡರೂ ಮಗು, ಬ್ಯಾಗು, ಅದನ್ನೂ ಹೊತ್ತು ಫ್ರಾಂಕ್‌ಫರ್ಟ್‌ನಲ್ಲಿ ಒಬ್ಬಳೇ ಹೇಗೆ ಓಡಾಡಲಿ?

ಇಷ್ಟೇ ತೂಕದ ಮಗು ಜೊತೆ ಒಬ್ಬರೇ ಹೋದವರು ಹೇಳಿ: ಬ್ಯಾಸಿನೆಟ್‌ನಲ್ಲಿ ನಿಜವಾಗಲೂ ಮಲಗಿತಾ, ಅಥವಾ ದುಡ್ಡು ಹೋದರೂ ಬೇರೆ ಸೀಟೇ ವಾಸಿನಾ?